ಕೋರ್ ನಾಲ್ಕು, ಬೆಲ್ ಆದ್ರೆ ಏಳೋದು ಒಂದೇ: ನೆಟ್‌ವರ್ಕ್ ಇಂಟರಪ್ಟ್ ಹಂಚಿಕೆಯ ಲೆಕ್ಕಾಚಾರ

ಕೇಳೋಕೆ ಪುರುಸೊತ್ತಿಲ್ಲ, ಬಸ್ಸಲ್ಲಿ ಓದ್ಕೊಳ್ತೀವಿ ಅನ್ನೋರಿಗಾಗಿ ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ. ಮಾತಲ್ಲಿ ಹೇಳಿದ್ದನ್ನ ಓದೋಕೆ ಅನುಕೂಲ ಆಗೋ ಹಾಗೆ ಅಲ್ಲಲ್ಲಿ ತಿದ್ದಿದ್ದೇನೆ, ಅಷ್ಟೇ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಒಂದು ಸರ್ವರ್‌ನಲ್ಲಿ ನಾಲ್ಕು ಕೋರ್‌ಗಳಿವೆ. ಒಂದು ಶೇ 100ರಷ್ಟು ಬ್ಯುಸಿ, ಉಳಿದ ಮೂರು ಖಾಲಿ. ಸರಾಸರಿ ಎಷ್ಟು? ಶೇ 25. ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲಾ ಹಸಿರು. ಆದ್ರೆ ಬಳಸೋರ ಕಡೆ ನೋಡಿದ್ರೆ ಗೇಮ್ ಲ್ಯಾಗ್ ಆಗ್ತಿದೆ, ಕಾಲ್‌ನಲ್ಲಿ ಮಾತು ತುಂಡು ತುಂಡಾಗಿ ಬರ್ತಿದೆ, ಪೇಜ್ ಸುತ್ತುತ್ತಾನೇ ಇದೆ.

ಮಷಿನ್ ಸಾಲ್ತಿಲ್ಲ ಅಂದ್ಕೊಂಡು ಎಂಟು ಕೋರ್ ತಗೊಂಡ್ರಿ ಅಂತಿಟ್ಕೊಳ್ಳಿ. ಈಗಲೂ ಒಂದೇ ಕೋರ್ ದುಡೀತಿದೆ, ಏಳು ಖಾಲಿ. ಸರಾಸರಿ ಶೇ 12.5ಕ್ಕೆ ಇಳೀತು. ಬಾಡಿಗೆ ಏರಿತು, ರಿಪೋರ್ಟ್ ಇನ್ನೂ ಚೆಂದ ಆಯ್ತು, ತೊಂದರೆ ಮಾತ್ರ ಇದ್ದಲ್ಲೇ ಇದೆ! ನಾನು ಓದಿದ್ದು ಬಿಕಾಂ. ಸುಮ್ಮನೆ ನಿಂತ ಯಂತ್ರಕ್ಕೂ ಖರ್ಚಿದೆ ಅನ್ನೋದು ಕಾಸ್ಟಿಂಗ್ ಕ್ಲಾಸಲ್ಲಿ ಕಲಿತ ಪಾಠ. ಹಾಗಾಗಿ ಎಂಜಿನಿಯರುಗಳ ವಿಷಯವಾದ್ರೂ ಇದು ನನ್ನನ್ನ ಹಿಡಿದು ಕೂರಿಸ್ತು. ಕೊಂಡ ಸಾಮರ್ಥ್ಯ ಕೆಲಸಕ್ಕೆ ಯಾಕೆ ಬರ್ತಿಲ್ಲ? ಉತ್ತರಕ್ಕೆ ಇಂಟರಪ್ಟ್ ಅಂದ್ರೆ ಏನು ಅಂತ ಗೊತ್ತಿರಬೇಕು.

ಬೆಲ್ ಆದಾಗ ಏಳೋರು ಯಾರು?

ಮನೇಲಿ ಐದು ಜನ ಇದ್ರೂ ಕಾಲಿಂಗ್ ಬೆಲ್ ಆದ ತಕ್ಷಣ ಏಳೋರು ಒಬ್ಬರೇ. ಹೆಚ್ಚಿನ ಮನೆಗಳಲ್ಲಿ ಅದು ಅಮ್ಮ. ಒಲೆ ಮೇಲೆ ಹಾಲಿರಲಿ, ಕೈಯಲ್ಲಿ ಹಿಟ್ಟಿರಲಿ, ಅದನ್ನ ಅಲ್ಲೇ ಬಿಟ್ಟು ಎದ್ದು ಬಾಗಿಲು ತೆಗೀಬೇಕು, ಬಂದೋರನ್ನ ಕೂರಿಸಬೇಕು, ವಾಪಸ್ ಬಂದು "ಎಲ್ಲಿಗೆ ಬಿಟ್ಟಿದ್ದೆ" ಅಂತ ನೆನಪು ಮಾಡ್ಕೊಂಡು ಮುಂದುವರಿಸಬೇಕು.

ಕಂಪ್ಯೂಟರ್ ಒಳಗೆ ಆ ಬೆಲ್‌ನ ಹೆಸರೇ ಇಂಟರಪ್ಟ್. ನೆಟ್‌ವರ್ಕ್ ಕಾರ್ಡ್‌ಗೆ ಹೊರಗಿಂದ ಡೇಟಾ ಬರೋದು ಪ್ಯಾಕೆಟ್ ಅನ್ನೋ ಸಣ್ಣ ಸಣ್ಣ ಕಟ್ಟುಗಳಲ್ಲಿ. ಕಾರ್ಡ್ ಆ ಕಟ್ಟನ್ನ ನೇರವಾಗಿ ಮೆಮೊರಿಯಲ್ಲಿ ಇಡುತ್ತೆ, ಆಮೇಲೆ ಪ್ರೊಸೆಸರ್‌ಗೆ ಬೆಲ್ ಹೊಡೆಯುತ್ತೆ. ಪ್ರೊಸೆಸರ್ ಮಾಡ್ತಿದ್ದ ಕೆಲಸ ನಿಲ್ಲಿಸಿ ಇತ್ತ ತಿರುಗುತ್ತೆ.

ತಿರುಗಿದ ಮೇಲೆ ಕೆಲಸ ಎರಡು ಭಾಗವಾಗಿ ನಡೆಯುತ್ತೆ. ಮೊದಲನೆಯದು ಚಿಕ್ಕದು: "ಸರಿ, ಯಾರೋ ಬಂದಿದ್ದಾರೆ" ಅಂತ ಗುರುತು ಹಾಕ್ಕೊಳ್ಳೋದು. ಎರಡನೆಯದು ದೊಡ್ಡದು: ಕಟ್ಟು ಬಿಚ್ಚಿ, ವಿಳಾಸ ಓದಿ, ಯಾವ ಆ್ಯಪ್‌ಗೆ ಸೇರಬೇಕೋ ಅಲ್ಲಿಗೆ ತಲುಪಿಸೋದು. ಲಿನಕ್ಸ್‌ನಲ್ಲಿ ಈ ಎರಡನೇ ಭಾಗಕ್ಕೆ ಸಾಫ್ಟ್ ಐಆರ್‌ಕ್ಯೂ ಅಂತಾರೆ. ಮುಖ್ಯವಾದ ವಿಷಯ ಏನಪ್ಪಾ ಅಂದ್ರೆ, ಸಾಮಾನ್ಯವಾಗಿ ಬೆಲ್ ಕೇಳಿದ ಕೋರ್ ಮೇಲೇನೇ ಈ ದೊಡ್ಡ ಕೆಲಸವೂ ಬೀಳುತ್ತೆ. ಬಾಗಿಲು ತೆಗೆದೋರೇ ಕಾಫಿನೂ ಮಾಡಬೇಕು ಅನ್ನೋ ಹಾಗೆ.

ಕಾರ್ಡ್‌ಗೆ ಒಂದೇ ಬೆಲ್ ಇದ್ದು, ಅದು ಯಾವಾಗಲೂ ಒಂದೇ ಕೋರ್‌ಗೆ ಕೇಳಿಸಿದ್ರೆ? ಆ ಕೋರ್ ಸಿಪಿಯು ಸೊನ್ನೆ ಆಗಿರೋದು ತುಂಬಾ ಸಾಮಾನ್ಯ. ಅದು ಅಮ್ಮನ ಹಾಗೆ ಸುಸ್ತಾಗುತ್ತೆ, ಉಳಿದೋರು ಸೋಫಾ ಮೇಲೆ ಕೂತಿರ್ತಾರೆ.

ಒಂದು ಪ್ಯಾಕೆಟ್‌ಗೆ 67 ನ್ಯಾನೊಸೆಕೆಂಡ್

ಇದು ಎಷ್ಟು ದೊಡ್ಡ ಹೊರೆ ಅಂತ ಗೊತ್ತಾಗೋಕೆ ಕೆಲವು ಅಂಕಿಗಳು. ಸೆಕೆಂಡಿಗೆ 10 ಗಿಗಾಬಿಟ್ ವೇಗದ ಕಾರ್ಡ್‌ಗೆ ಈಥರ್‌ನೆಟ್‌ನ ಅತಿ ಚಿಕ್ಕ, ಅಂದ್ರೆ 64 ಬೈಟ್‌ನ ಪ್ಯಾಕೆಟ್‌ಗಳೇ ಬರ್ತಿದ್ರೆ, ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಪ್ಯಾಕೆಟ್ ಬರಬಹುದು. ಒಂದೊಂದಕ್ಕೆ ಸಿಗೋ ಸಮಯ ಸುಮಾರು 67 ನ್ಯಾನೊಸೆಕೆಂಡ್. 3 ಗಿಗಾಹರ್ಟ್ಸ್ ಪ್ರೊಸೆಸರ್ ಅಷ್ಟು ಹೊತ್ತಲ್ಲಿ ಹಾಕೋದು 200 ಹೆಜ್ಜೆ. ಕೈಯಳತೆಯಲ್ಲಿ ಇಲ್ಲದ ಮಾಹಿತಿಯನ್ನ ಮೆಮೊರಿಗೆ ಹೋಗಿ ಒಂದೇ ಒಂದು ಸಲ ತರೋಕೇ ಹೆಚ್ಚುಕಡಿಮೆ ಅಷ್ಟೂ ಸಮಯ ಮುಗಿದುಹೋಗಬಹುದು.

ಸಿನಿಮಾ ಡೌನ್‌ಲೋಡ್‌ನಂಥ ಕೆಲಸಕ್ಕೆ ಇಷ್ಟು ಕಷ್ಟ ಇಲ್ಲ. ಅಲ್ಲಿ ಪ್ಯಾಕೆಟ್ ದೊಡ್ಡವು, 1500 ಬೈಟ್‌ನವು. ಅದೇ ವೇಗದಲ್ಲಿ ಸೆಕೆಂಡಿಗೆ ಸುಮಾರು 8 ಲಕ್ಷ ಮಾತ್ರ ಬರ್ತವೆ. ಕಷ್ಟ ಕೊಡೋದು ಸಣ್ಣ ಪ್ಯಾಕೆಟ್‌ಗಳು: ಆನ್‌ಲೈನ್ ಗೇಮ್‌ನ ಒಂದೊಂದು ಚಲನೆ, ವಾಯ್ಸ್ ಕಾಲ್‌ನ ಒಂದೊಂದು ತುಣುಕು, ವೆಬ್‌ಸೈಟ್ ವಿಳಾಸ ಹುಡುಕೋ ಪ್ರಶ್ನೆಗಳು. ಪ್ರೊಸೆಸರ್‌ಗೆ ಹೊರೆ ಆಗೋದು ಬಂದ ಸಾಮಾನಿನ ತೂಕಕ್ಕಿಂತ ಹೆಚ್ಚಾಗಿ ಬಂದ ಕಟ್ಟುಗಳ ಎಣಿಕೆ.

ಬಾಗಿಲು ತೆಗೆಯೋದರಲ್ಲೇ ದಿನ ಮುಗಿದ್ರೆ

ಬೆಲ್ ಜಾಸ್ತಿ ಆದ್ರೆ ಕೆಲಸ ನಿಧಾನ ಆಗುತ್ತೆ ಅಷ್ಟೇ ತಾನೇ ಅಂತ ಅನ್ನಿಸಬಹುದು. ಅದಕ್ಕಿಂತ ಕೆಟ್ಟದ್ದೂ ಆಗುತ್ತೆ. 1996ರಲ್ಲಿ ಜೆಫ್ರಿ ಮೊಗುಲ್ ಮತ್ತು ಕೆ.ಕೆ. ರಾಮಕೃಷ್ಣನ್ ಒಂದು ಪ್ರಬಂಧದಲ್ಲಿ ಇದನ್ನ ವಿವರಿಸಿದ್ರು. ಅವರು ಬಳಸಿದ ಹೆಸರು ರಿಸೀವ್ ಲೈವ್‌ಲಾಕ್. ಅಂದ್ರೆ, ಪ್ರೊಸೆಸರ್ ಬೆಲ್‌ಗೆ ಓಗೊಡೋದರಲ್ಲೇ ಪೂರ್ತಿ ಮುಳುಗಿಹೋಗುತ್ತೆ. ಬಂದ ಪ್ಯಾಕೆಟ್‌ಗಳನ್ನ ಒಳಗೆ ಕರೆದು ಸಾಲಲ್ಲಿ ನಿಲ್ಲಿಸುತ್ತೆ, ಮುಂದಿನ ಕೆಲಸಕ್ಕೆ ಹೊತ್ತೇ ಇರಲ್ಲ, ಸಾಲು ತುಂಬಿದಾಗ ಅವನ್ನ ಎಸೆಯುತ್ತೆ. ಪ್ರೊಸೆಸರ್ ಶೇ 100ರಷ್ಟು ದುಡೀತಿದೆ, ಆದ್ರೆ ಆ್ಯಪ್‌ಗೆ ತಲುಪಿದ್ದು ಸೊನ್ನೆ. ಇಲ್ಲಿ ನಮಗೊಂದು ನಂಟೂ ಇದೆ. ರಾಮಕೃಷ್ಣನ್ ಎಂ.ಟೆಕ್ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ.

ಪರಿಹಾರ ಕೇಳಿದ್ರೆ ಇಷ್ಟೇನಾ ಅನ್ನಿಸುತ್ತೆ. ಮದುವೆ ಮನೆಗೆ ನೆಂಟರು ಒಂದೇ ಸಮನೆ ಬರ್ತಿರುವಾಗ ಯಾರಾದ್ರೂ ಬೆಲ್‌ಗೆ ಕಾಯ್ತಾರಾ? ಬಾಗಿಲು ತೆಗೆದೇ ಇಟ್ಟು, ಆಗಾಗ ಹೋಗಿ ಬಂದೋರನ್ನೆಲ್ಲ ಒಟ್ಟಿಗೆ ಕರ್ಕೊಂಡು ಬರ್ತಾರೆ. ಲಿನಕ್ಸ್‌ನಲ್ಲಿ 2000ರ ದಶಕದ ಆರಂಭದಲ್ಲಿ ಬಂದ ನ್ಯಾಪಿ ಅನ್ನೋ ವ್ಯವಸ್ಥೆ ಇದನ್ನೇ ಮಾಡುತ್ತೆ. ಮೊದಲ ಬೆಲ್ ಆದ ಮೇಲೆ ಆ ಬೆಲ್ ಬಂದ್ ಮಾಡಿ, ಪ್ಯಾಕೆಟ್‌ಗಳನ್ನ ತಾನೇ ಹೋಗಿ ಎತ್ಕೊಂಡು ಬರುತ್ತೆ. ಒಂದು ಸರತಿಗೆ ಸಾಮಾನ್ಯವಾಗಿ 64 ಪ್ಯಾಕೆಟ್, ಒಂದು ಸುತ್ತಿಗೆ ಒಟ್ಟು 300. ಅಷ್ಟಾದ ಮೇಲೆ ಬೇರೆ ಕೆಲಸಕ್ಕೂ ಜಾಗ ಬಿಡಬೇಕು. ಜನ ಕಡಿಮೆ ಆದಾಗ ಬೆಲ್ ಮತ್ತೆ ಚಾಲೂ.

ಇದರಿಂದ ಬೆಲ್‌ಗಳ ಕಾಟ ತಪ್ಪಿತು. ಆದ್ರೆ ಎತ್ತಿ ತರೋ ಕೈ ಇನ್ನೂ ಒಂದೇ. ಆ ಕೆಲಸವನ್ನ ಬೇರೆ ಕೋರ್‌ಗಳಿಗೆ ಹಂಚೋದು ಬೇರೆಯದೇ ಪ್ರಶ್ನೆ. ಅದು ಎಷ್ಟು ಮುಖ್ಯ ಅಂತ ಲಿನಕ್ಸ್‌ನವರಿಗೆ ತಟ್ಟಿದ್ದು 1999ರಲ್ಲಿ, ಅದೂ ಎದುರಾಳಿಯ ಕೈಯಿಂದ.

1999ರ ಕಹಿ ಫಲಿತಾಂಶ

ಆ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಮೈಂಡ್‌ಕ್ರಾಫ್ಟ್ ಅನ್ನೋ ಪರೀಕ್ಷಾ ಸಂಸ್ಥೆ ಒಂದು ಹೋಲಿಕೆ ಪ್ರಕಟಿಸ್ತು. ಖರ್ಚು ಕೊಟ್ಟಿದ್ದು ಮೈಕ್ರೋಸಾಫ್ಟ್. ಒಂದೇ ಥರದ ಡೆಲ್ ಸರ್ವರ್, ನಾಲ್ಕು ಪ್ರೊಸೆಸರ್, ನಾಲ್ಕು ನೆಟ್‌ವರ್ಕ್ ಕಾರ್ಡ್. ಒಂದು ಸಲ ವಿಂಡೋಸ್ ಎನ್‌ಟಿ, ಇನ್ನೊಂದು ಸಲ ಲಿನಕ್ಸ್. ಫೈಲ್ ಹಂಚೋ ಕೆಲಸದಲ್ಲಿ ಎನ್‌ಟಿ 2.5 ಪಟ್ಟು ವೇಗ, ವೆಬ್ ಸರ್ವರ್ ಆಗಿ 3.7 ಪಟ್ಟು ವೇಗ ಅಂತ ಬಂತು.

ಲಿನಕ್ಸ್ ಬಳಗದಲ್ಲಿ ಕೋಲಾಹಲ! ಕಾಸು ಕೊಟ್ಟೋರ ಪರವಾಗಿ ಪರೀಕ್ಷೆ ಮಾಡಿದ್ದಾರೆ, ಲಿನಕ್ಸನ್ನ ಸರಿಯಾಗಿ ಹದ ಮಾಡಿಲ್ಲ ಅಂತ ಕೂಗೆದ್ದಿತು. ಆ ಕೂಗಲ್ಲಿ ಹುರುಳೂ ಇತ್ತು. ಆದ್ರೆ ಲಿನಕ್ಸ್ ಕಡೆಯವರೂ ಸೇರಿ ಮತ್ತೆ ಪರೀಕ್ಷೆ ಮಾಡಿದಾಗಲೂ ಗೆದ್ದಿದ್ದು ಎನ್‌ಟಿಯೇ.

ಎರಡು ವ್ಯತ್ಯಾಸಗಳು ಎದ್ದು ಕಾಣ್ತಿದ್ವು. ಮೈಂಡ್‌ಕ್ರಾಫ್ಟ್‌ನವರು ಎನ್‌ಟಿಯಲ್ಲಿ ಒಂದು ಉಪಕರಣ ಬಳಸಿ ಒಂದೊಂದು ಕಾರ್ಡನ್ನ ಒಂದೊಂದು ಪ್ರೊಸೆಸರ್‌ಗೆ ಕಟ್ಟಿಹಾಕಿದ್ರು. ನಾಲ್ಕು ಬಾಗಿಲು, ನಾಲ್ಕು ಜನ. ಇನ್ನು ಆಗಿನ ಲಿನಕ್ಸ್ 2.2ರ ನೆಟ್‌ವರ್ಕ್ ಭಾಗಕ್ಕೆ ಬಹುಪಾಲು ಒಂದೇ ಬೀಗ. ಒಂದು ಪ್ರೊಸೆಸರ್ ಒಳಗಿದ್ರೆ ಉಳಿದವು ಹೊರಗೆ ಕಾಯಬೇಕು.

ನನಗೆ ಇಷ್ಟ ಆಗೋದು ಆಮೇಲೆ ನಡೆದದ್ದು. ಜಗಳ ಆಡಿದೋರೇ ಕೂತು ಕೋಡ್ ತಿದ್ದಿದ್ರು. 2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4ರಲ್ಲಿ ನೆಟ್‌ವರ್ಕ್ ಭಾಗ ಹಲವು ಪ್ರೊಸೆಸರ್‌ಗಳಲ್ಲಿ ಒಟ್ಟಿಗೆ ನಡೆಯೋ ಹಾಗಾಯ್ತು. ಯಾವ ಇಂಟರಪ್ಟ್ ಯಾವ ಪ್ರೊಸೆಸರ್‌ಗೆ ಹೋಗಬೇಕು ಅಂತ ನಾವೇ ಬರೆದು ಹೇಳೋ ಸೌಲಭ್ಯವೂ ಬಂತು. ಅದರ ವಿವರಣೆಯ ಕಡತವನ್ನ ಶುರು ಮಾಡಿದ್ದು ಇಂಗೊ ಮೊಲ್ನಾರ್. ಆ ಸೌಲಭ್ಯ ಇವತ್ತಿಗೂ ಇದೆ.

ಸರದಿ ಪ್ರಕಾರ ಹಂಚಿದ್ರೆ ಆಗಲ್ವಾ?

ಮೊದಲ ಪ್ಯಾಕೆಟ್ ಮೊದಲ ಕೋರ್‌ಗೆ, ಎರಡನೆಯದು ಎರಡನೇ ಕೋರ್‌ಗೆ, ಹೀಗೆ ಎಲೆ ಹಾಕಿದ ಹಾಗೆ ಹಂಚಿದ್ರೆ ಸಮಾನ ಆಗುತ್ತಲ್ಲ? ಸಮಾನ ಆಗುತ್ತೆ, ಆದ್ರೆ ವೇಗ ಬರಲ್ಲ. ಎರಡು ಕಾರಣ.

ಒಂದು, ಪ್ರತಿ ಕೋರ್‌ಗೂ ತನ್ನದೇ ಆದ ಚಿಕ್ಕ, ತುಂಬಾ ಚುರುಕಾದ ಮೆಮೊರಿ ಇರುತ್ತೆ, ಕ್ಯಾಶ್ ಅಂತಾರೆ. ಒಬ್ಬ ಬಳಕೆದಾರನ ಮಾಹಿತಿ ಒಂದು ಕೋರ್‌ನ ಕ್ಯಾಶ್‌ನಲ್ಲಿ ಕೂತ ಮೇಲೆ, ಅವನ ಮುಂದಿನ ಪ್ಯಾಕೆಟ್ ಬೇರೆ ಕೋರ್‌ಗೆ ಹೋದ್ರೆ ಆ ಮಾಹಿತಿ ಅಲ್ಲಿಗೆ ಸಾಗಬೇಕು. ಆಗಲೇ ನೋಡಿದ್ವಲ್ಲ, ಅಂಥ ಒಂದು ಓಡಾಟಕ್ಕೇ ಪ್ಯಾಕೆಟ್‌ನ ಸಮಯ ಎಲ್ಲಾ ಖರ್ಚು. ಎರಡು, ಕ್ರಮ. ಒಬ್ಬನ ಐದನೇ ಪ್ಯಾಕೆಟ್ ಚುರುಕಾದ ಕೋರ್‌ಗೆ ಬಿದ್ದು, ನಾಲ್ಕನೆಯದು ಬ್ಯುಸಿ ಕೋರ್‌ಗೆ ಬಿದ್ರೆ ಐದು ಮುಂದೆ, ನಾಲ್ಕು ಹಿಂದೆ. ಪ್ಯಾಕೆಟ್ ಕಳೆದೇಹೋಗಿದೆ ಅಂತ ಟಿಸಿಪಿ ತಪ್ಪು ತಿಳ್ಕೊಂಡು ಅದನ್ನ ಮತ್ತೆ ಕಳಿಸೋಕೆ, ವೇಗ ಇಳಿಸೋಕೆ ಶುರು ಮಾಡಬಹುದು.

ಹಾಗಾಗಿ ನಿಯಮ ಇಷ್ಟು: ಒಂದು ಸಂಪರ್ಕದ ಪ್ಯಾಕೆಟ್ ಎಲ್ಲಾ ಒಂದೇ ಕೋರ್‌ಗೆ, ಬೇರೆ ಬೇರೆ ಸಂಪರ್ಕ ಬೇರೆ ಬೇರೆ ಕೋರ್‌ಗೆ. ಒಂದು ಮನೆಯ ನೆಂಟರನ್ನ ಒಬ್ಬರೇ ನೋಡ್ಕೊಳ್ಳೋದು. ಈಗಿನ ಸರ್ವರ್ ಕಾರ್ಡ್‌ಗಳು ಇದನ್ನ ಹಾರ್ಡ್‌ವೇರ್‌ನಲ್ಲೇ ಮಾಡ್ತವೆ. ಇದರ ಹೆಸರು ಆರ್‌ಎಸ್‌ಎಸ್. ಕಳಿಸಿದವರ ವಿಳಾಸ, ತಲುಪಬೇಕಾದ ವಿಳಾಸ, ಎರಡೂ ಕಡೆಯ ಪೋರ್ಟ್ ಸಂಖ್ಯೆ, ಇವನ್ನ ಒಂದು ಸೂತ್ರಕ್ಕೆ ಹಾಕಿದ್ರೆ ಒಂದು ಸಂಖ್ಯೆ ಬರುತ್ತೆ. ಕಾರ್ಡ್ ಒಳಗೆ ಸಾಮಾನ್ಯವಾಗಿ 128 ಮನೆಗಳ ಒಂದು ಪಟ್ಟಿ ಇರುತ್ತೆ. ಆ ಸಂಖ್ಯೆ ಯಾವ ಮನೆಗೆ ಬಿತ್ತೋ ಅಲ್ಲಿ ಬರೆದಿರೋ ಸಾಲಿಗೆ ಪ್ಯಾಕೆಟ್ ಹೋಗುತ್ತೆ. ಒಂದೊಂದು ಸಾಲಿಗೂ ಬೇರೆ ಬೆಲ್, ಬೇರೆ ಕೋರ್. ಒಂದೇ ಸಂಪರ್ಕಕ್ಕೆ ಯಾವಾಗ್ಲೂ ಅದೇ ಸಂಖ್ಯೆ, ಹಾಗಾಗಿ ಅದೇ ಕೋರ್.

ಕಾರ್ಡ್‌ಗೆ ಒಂದೇ ಸಾಲಿದ್ರೆ? ಅದಕ್ಕೆ ಆರ್‌ಪಿಎಸ್ ಇದೆ. ಗೂಗಲ್‌ನಲ್ಲಿದ್ದ ಟಾಮ್ ಹರ್ಬರ್ಟ್ ಬರೆದದ್ದು, 2010ರಲ್ಲಿ ಲಿನಕ್ಸ್ 2.6.35ರ ಜೊತೆ ಬಂತು. ಇಲ್ಲಿ ಬಾಗಿಲು ತೆಗೆಯೋದು ಅಮ್ಮನೇ. ಆದ್ರೆ "ಇವರನ್ನ ನೀನು ನೋಡ್ಕೋ, ಅವರನ್ನ ಅವನು ನೋಡ್ಕೊಳ್ಳಲಿ" ಅಂತ ಅಲ್ಲಿಂದಲೇ ಒಪ್ಪಿಸಿಬಿಡ್ತಾರೆ. ಹೊಸ ಕಾರ್ಡ್ ಬೇಡ, ಸಾಫ್ಟ್‌ವೇರ್‌ನಲ್ಲೇ ಹಂಚಿಕೆ. ಒಪ್ಪಿಸೋದಕ್ಕೂ ಒಂಚೂರು ಖರ್ಚಿದೆ, ಅಷ್ಟೇ. ಮನೆಯ ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಹಾಕ್ಕೊಂಡೋರು ಸೆಟ್ಟಿಂಗ್ಸ್‌ನಲ್ಲಿ ಪ್ಯಾಕೆಟ್ ಸ್ಟೀರಿಂಗ್ ಅಂತ ನೋಡಿರ್ತೀರಿ. ಅದು ಇದೇ ವಿಷಯ.

ನಿಮ್ಮ ಮಷಿನ್‌ನಲ್ಲಿ ನೋಡೋದು ಹೇಗೆ?

ನನ್ನ ಗೆಳೆಯನೊಬ್ಬ ಬಾಡಿಗೆ ಸರ್ವರ್ ಮೇಲೆ ಸಣ್ಣದೊಂದು ಗೇಮ್ ಸರ್ವರ್ ನಡೆಸ್ತಾನೆ. ರಾತ್ರಿ ಒಂಬತ್ತಾದ್ರೆ ಲ್ಯಾಗ್. ಆಟಗಾರರು ಒಬ್ಬೊಬ್ಬರೇ ಬಿಟ್ಟುಹೋಗೋಕೆ ಶುರು ಮಾಡಿದ್ರು. ಒಂದಿನ ಫೋನ್ ಮಾಡಿದ: "ಮಗಾ, ಸಪೋರ್ಟ್‌ನೋರು ಎಂಟು ಕೋರ್ ಪ್ಲಾನ್ ತಗೋ ಅಂತಿದಾರೆ. ಬಾಡಿಗೆ ಡಬಲ್ ಆಗುತ್ತೆ. ಬರೋ ದುಡ್ಡಲ್ಲಿ ಅದನ್ನ ಕಟ್ಟೋಕಾಗಲ್ಲ, ಮುಚ್ಚಿಬಿಡ್ಲಾ?" ದುಡ್ಡು ಕಟ್ಟೋ ಮುಂಚೆ ಒಂದ್ಸಲ ಒಳಗೆ ನೋಡೋಣ ಅಂದೆ. ಅವತ್ತು ನಾವು ನೋಡಿದ್ದನ್ನೇ ನಿಮಗೂ ಹೇಳ್ತೀನಿ.

ಮೊದಲು ಟರ್ಮಿನಲ್‌ನಲ್ಲಿ ಟಾಪ್ ಅಂತ ಹೊಡೆದು, ಆಮೇಲೆ ಕೀಬೋರ್ಡ್‌ನಲ್ಲಿ 1 ಒತ್ತಿ. ಸರಾಸರಿ ಹೋಗಿ ಒಂದೊಂದು ಕೋರ್‌ದೂ ಬೇರೆ ಬೇರೆ ಸಾಲು ಬರುತ್ತೆ. ಅದರಲ್ಲಿ ಎಸ್‌ಐ ಅಂತಿರೋ ಅಂಕಿ ನೋಡಿ, ಅದು ಸಾಫ್ಟ್ ಐಆರ್‌ಕ್ಯೂ. ಅವನದರಲ್ಲಿ ಸಿಪಿಯು ಸೊನ್ನೆಯ ಎಸ್‌ಐ ನೂರರ ಹತ್ತಿರ, ಉಳಿದ ಮೂರರದು ಸೊನ್ನೆಯ ಹತ್ತಿರ.

ಎರಡನೆಯದು, ಪ್ರಾಕ್ ಫೋಲ್ಡರ್‌ನಲ್ಲಿರೋ ಇಂಟರಪ್ಟ್ಸ್ ಅನ್ನೋ ಕಡತ. ಕ್ಯಾಟ್ ಕಮಾಂಡ್ ಕೊಟ್ಟು ತೆರೆದ್ರೆ ಲೆಡ್ಜರ್ ಥರ ಕಾಣುತ್ತೆ: ಅಡ್ಡಕ್ಕೆ ಒಂದೊಂದು ಬೆಲ್, ಉದ್ದಕ್ಕೆ ಒಂದೊಂದು ಕೋರ್, ಒಳಗೆ ಇಲ್ಲಿ ತನಕ ಎಷ್ಟು ಸಲ ಬೆಲ್ ಆಗಿದೆ ಅನ್ನೋ ಎಣಿಕೆ. ನೆಟ್‌ವರ್ಕ್ ಕಾರ್ಡ್‌ನ ಸಾಲಲ್ಲಿ ಎಣಿಕೆ ಎಲ್ಲಾ ಒಂದೇ ಕಾಲಂನಲ್ಲಿದ್ರೆ ಉತ್ತರ ಸಿಕ್ಕಿದ ಹಾಗೆ.

ಮೂರನೆಯದು ಈಥ್‌ಟೂಲ್. ಸಣ್ಣ ಎಲ್ ಆಯ್ಕೆ ಕೊಟ್ಟು, ಮುಂದೆ ಕಾರ್ಡ್‌ನ ಹೆಸರು ಬರೆದ್ರೆ ಎಷ್ಟು ಸಾಲು ಸಾಧ್ಯ, ಎಷ್ಟು ಬಳಕೆಯಲ್ಲಿದೆ ಅಂತ ಹೇಳುತ್ತೆ. ಅವನ ಮಷಿನ್‌ನಲ್ಲಿ ಗರಿಷ್ಠ 4, ಬಳಕೆಯಲ್ಲಿ 1. ನಾಲ್ಕು ಬಾಗಿಲಿನ ಮನೆ, ಮೂರಕ್ಕೆ ಚಿಲಕ! ದೊಡ್ಡ ಎಲ್ ಆಯ್ಕೆ, ಕಾರ್ಡ್‌ನ ಹೆಸರು, ಕಂಬೈನ್ಡ್, ನಾಲ್ಕು ಅಂತ ಕೊಟ್ಟ ಮೇಲೆ ನಾಲ್ಕೂ ಕೋರ್‌ಗೆ ಕೆಲಸ ಬಂತು. ಒಂಬತ್ತು ಗಂಟೆಯ ಲ್ಯಾಗ್ ನಿಂತಿತು, ಎಂಟು ಕೋರ್ ಬೇಕಾಗಲಿಲ್ಲ. ಈ ಬದಲಾವಣೆ ಮಾಡುವಾಗ ಎಷ್ಟೋ ಕಾರ್ಡ್‌ಗಳಲ್ಲಿ ಸಂಪರ್ಕ ಒಂದು ಕ್ಷಣ ಕಡಿಯುತ್ತೆ, ಹಾಗಾಗಿ ಜನ ಕಡಿಮೆ ಇರೋ ಹೊತ್ತು ನೋಡ್ಕೊಂಡು ಮಾಡಿ.

ಬೆಲ್ ಯಾವ ಕೋರ್‌ಗೆ ಅಂತ ಕೈಯಾರೆ ಬರೀಬೇಕಂದ್ರೆ, ಪ್ರತಿ ಇಂಟರಪ್ಟ್‌ಗೂ ಎಸ್‌ಎಂಪಿ ಅಫಿನಿಟಿ ಅನ್ನೋ ಕಡತ ಇದೆ. ಅದರ ಲೆಕ್ಕ ತೂಕದ ಕಲ್ಲುಗಳ ಥರ: ಸಿಪಿಯು ಸೊನ್ನೆಗೆ 1, ಒಂದಕ್ಕೆ 2, ಎರಡಕ್ಕೆ 4, ಮೂರಕ್ಕೆ 8. ಮೊದಲ ಎರಡೂ ಬೇಕಾದ್ರೆ ಕೂಡಿಸಿ 3. ನಾಲ್ಕೂ ಬೇಕಾದ್ರೆ 15, ಅದನ್ನ ಅಲ್ಲಿ ಎಫ್ ಅಂತ ಬರೀತಾರೆ. ಈ ಕೂಡೋ ಲೆಕ್ಕ ಬೇಡ ಅನ್ನೋರಿಗೆ ಪಕ್ಕದಲ್ಲೇ ಲಿಸ್ಟ್ ಅಂತ ಕೊನೆಯಾಗೋ ಇನ್ನೊಂದು ಕಡತ ಇದೆ, ಅದರಲ್ಲಿ ನೇರವಾಗಿ ಕೋರ್ ಸಂಖ್ಯೆ ಬರೀಬಹುದು.

ಒಂದು ಎಚ್ಚರಿಕೆ. ಹಲವು ಸರ್ವರ್‌ಗಳಲ್ಲಿ ಐಆರ್‌ಕ್ಯೂ ಬ್ಯಾಲೆನ್ಸ್ ಅನ್ನೋ ಪ್ರೋಗ್ರಾಂ ಹಿನ್ನೆಲೆಯಲ್ಲಿ ಓಡ್ತಿರುತ್ತೆ. ಅದು 10 ಸೆಕೆಂಡಿಗೊಮ್ಮೆ ಹೊರೆ ನೋಡಿ ತಾನೇ ಹಂಚುತ್ತೆ. ನೀವು ಕೈಯಾರೆ ಬರೆದದ್ದನ್ನ ಅದು ಅಳಿಸಿ ತನ್ನಿಷ್ಟದ ಹಾಗೆ ಬರೀಬಹುದು. ಒಂದೋ ಅದರ ಕೈಗೆ ಬಿಡಿ, ಇಲ್ಲಾ ಅದನ್ನ ನಿಲ್ಲಿಸಿ ನೀವೇ ಮಾಡಿ. ಒಂದು ಅಡುಗೆಗೆ ಇಬ್ಬರು ಉಪ್ಪು ಹಾಕಿದ್ರೆ ಏನಾಗುತ್ತೆ ಅಂತ ಗೊತ್ತಲ್ಲ.

ಹಂಚಿಕೆಗೂ ಮಿತಿ ಇದೆ

ಇಷ್ಟೆಲ್ಲ ಮಾಡಿದ್ರೂ ಒಂದೇ ಒಂದು ದೊಡ್ಡ ಸಂಪರ್ಕದ ಹೊರೆಯನ್ನ ಆರ್‌ಎಸ್‌ಎಸ್ ಒಡೆಯಲ್ಲ. ಒಂದು ಬ್ಯಾಕಪ್ ಪೂರ್ತಿ ಒಂದೇ ಸಂಪರ್ಕದಲ್ಲಿ ಬರ್ತಿದ್ರೆ, ನಿಯಮದ ಪ್ರಕಾರ ಅದು ಒಂದೇ ಕೋರ್‌ಗೆ. ಅಲ್ಲಿ 64 ಕೋರ್ ಕೊಟ್ರೂ ಅಷ್ಟೇ. ಕಳಿಸೋ ಕಡೆಯಲ್ಲೇ ಅದನ್ನ ಹಲವು ಸಂಪರ್ಕಗಳಾಗಿ ಮಾಡಬೇಕು. ಎರಡು ಪ್ರೊಸೆಸರ್ ಚಿಪ್ ಇರೋ ದೊಡ್ಡ ಸರ್ವರ್‌ಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಾರ್ಡ್ ಒಂದು ಚಿಪ್‌ಗೆ ಹತ್ತಿರ, ಇನ್ನೊಂದಕ್ಕೆ ದೂರ. ಎಲ್ಲಾ ಕೋರ್‌ಗೂ ಸಮನಾಗಿ ಹಂಚೋದಕ್ಕಿಂತ ಹತ್ತಿರದ ಕೋರ್‌ಗಳಿಗಷ್ಟೇ ಕೊಡೋದು ಎಷ್ಟೋ ಸಲ ಲಾಭ.

ನಿಮ್ಮ ಕೈಲಿರೋ ಆಂಡ್ರಾಯ್ಡ್ ಫೋನ್ ಒಳಗೂ ಇರೋದು ಲಿನಕ್ಸ್ ಕರ್ನಲ್ಲೇ. ಅಲ್ಲಿ ಲೆಕ್ಕ ಮತ್ತೆ ಬೇರೆ. ಫೋನಲ್ಲಿ ಬಲವಾದ ದೊಡ್ಡ ಕೋರ್, ಮಿತವ್ಯಯದ ಸಣ್ಣ ಕೋರ್ ಎರಡೂ ಇರ್ತವೆ. ಒಂದು ವಾಟ್ಸಾಪ್ ಮೆಸೇಜ್‌ಗೋಸ್ಕರ ಮಲಗಿರೋ ದೊಡ್ಡ ಕೋರನ್ನ ಎಬ್ಬಿಸಿದ್ರೆ ಬ್ಯಾಟರಿ ದಂಡ. ಅಂಥ ಹೊತ್ತಲ್ಲಿ ಸಣ್ಣ ಪುಟ್ಟ ಬೆಲ್‌ಗಳೆಲ್ಲ ಎಚ್ಚರ ಇರೋ ಒಂದು ಸಣ್ಣ ಕೋರ್‌ಗೆ ಹೋಗೋದೇ ಒಳ್ಳೇದು. ಅಂದ್ರೆ ಒಂದೇ ಕೋರ್ ದುಡಿಯೋದು ಯಾವಾಗಲೂ ಕೆಟ್ಟದ್ದು ಅಂತಲೂ ಅಲ್ಲ. ಆ ಒಂದು ಕೋರ್ ತುಂಬಿ ತುಳುಕ್ತಿದೆಯಾ ಅನ್ನೋದನ್ನ ನೋಡಬೇಕು.

ಹಾಗಾಗಿ ಸರ್ವರ್ ಇಟ್ಕೊಂಡಿರೋ ಕೇಳುಗರಿಗೆ, ಸ್ಟಾರ್ಟಪ್‌ನಲ್ಲಿ ಕ್ಲೌಡ್ ಬಿಲ್ ಪಾಸ್ ಮಾಡೋ ನನ್ನಂಥ ಕಾಮರ್ಸ್‌ನವರಿಗೆ ಒಂದು ಮಾತು. ಇನ್ನೊಮ್ಮೆ ಯಾರಾದ್ರೂ "ಮಷಿನ್ ಸಾಲ್ತಿಲ್ಲ, ದೊಡ್ಡದು ಬೇಕು" ಅಂತ ಬಂದ್ರೆ ಮೂರು ಪ್ರಶ್ನೆ ಕೇಳಿ. ಸರಾಸರಿ ಬೇಡ, ಒಂದೊಂದು ಕೋರ್‌ನ ಅಂಕಿ ತೋರಿಸ್ತೀರಾ? ನೆಟ್‌ವರ್ಕ್ ಕಾರ್ಡ್‌ಗೆ ಎಷ್ಟು ಸಾಲಿದೆ, ಎಷ್ಟು ತೆರೆದಿದೆ? ಹೊರೆ ಹಲವು ಸಂಪರ್ಕಗಳದ್ದಾ, ಒಂದೇ ದೊಡ್ಡ ಸಂಪರ್ಕದ್ದಾ? ಮೂರಕ್ಕೂ ಸರಿಯಾದ ಉತ್ತರ ಬಂದು, ಆಮೇಲೂ ಎಲ್ಲಾ ಕೋರ್ ತುಂಬಿದ್ರೆ ಖಂಡಿತ ದೊಡ್ಡ ಮಷಿನ್ ತಗೊಳ್ಳಿ. ಆಗ ಕೊಟ್ಟ ದುಡ್ಡಿಗೆ ಕೆಲಸ ಆಗುತ್ತೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ರೆ ಇವತ್ತೇ ಆ ಇಂಟರಪ್ಟ್ಸ್ ಕಡತ ತೆರೆದು ನೋಡಿ. ನಿಮ್ಮಲ್ಲಿ ಬಾಗಿಲು ತೆಗೀತಿರೋದು ಯಾವ ಕೋರ್ ಅಂತ ನನಗೂ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.